ಟು-ಲೆಟ್ ಬೋರ್ಡಿನ ಕೆಳಗೆ ‘ನೋ ಪೆಟ್ಸ್’

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಬ್ರೋಕರ್ ಕೇಳುವ ಪ್ರಶ್ನೆಗಳು ಬಾಯಿಪಾಠವಾಗಿರುತ್ತವೆ: ಫ್ಯಾಮಿಲಿನಾ ಬ್ಯಾಚುಲರ್ಸಾ? ವೆಜ್ಜಾ ನಾನ್‌ವೆಜ್ಜಾ? ಪೆಟ್ಸ್ ಇದೆಯಾ? ಕೊನೆಯದಕ್ಕೆ ಹೌದು ಅಂದರೆ ಮತ್ತೆ ಫೋನ್ ಬರುವುದು ಅನುಮಾನ. ಮಾಲೀಕರ ಭಯ ಪೂರ್ತಿ ಸುಳ್ಳಲ್ಲ. ಆದರೆ ಹೆದರಬೇಕಾದದ್ದಕ್ಕೆ ಹೆದರದೆ ಬೇರೆ ಯಾವುದಕ್ಕೋ ಹೆದರುತ್ತಾರೆ. ಬಾಡಿಗೆದಾರರ ತಿಳಿವಳಿಕೆಯಲ್ಲೂ ತೂತುಗಳಿವೆ.

‘ನಾಯಿ ಇದೆಯೆಂದು ಮನೆ ಕೊಡದಿದ್ದರೆ ಅದು ಕಾನೂನಿಗೆ ವಿರುದ್ಧ’

ಹಾಗೇನಿಲ್ಲ. ಪ್ರಾಣಿ ಸಾಕುವವರಿಗೆ ಮನೆ ಕೊಡಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಕರಾರಿನಲ್ಲಿ ‘ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ’ ಎಂದಿದ್ದು, ಓದದೆ ಸಹಿ ಹಾಕಿದ್ದರೆ ಆಮೇಲೆ ವಾದಿಸುವುದು ಕಷ್ಟ.

ಈ ಗೊಂದಲ ಹುಟ್ಟಿರುವುದು ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳ ವಿಷಯದಲ್ಲಿ. ಅಲ್ಲಿ ಲೆಕ್ಕ ಬೇರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಮೀಟಿಂಗಿನಲ್ಲಿ ಬಹುಮತ ಬಂದರೂ ಸಂಘ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ. ಬೊಗಳುವುದನ್ನೂ ನಿಷೇಧಕ್ಕೆ ಕಾರಣ ಮಾಡುವಂತಿಲ್ಲ. ಇಂಥ ನಿಷೇಧದ ನಿಯಮಗಳು ಊರ್ಜಿತವಲ್ಲ ಎಂದು ಕೇರಳ ಹೈಕೋರ್ಟ್ ಕೂಡ 2021ರಲ್ಲಿ ಹೇಳಿದೆ. ಹಾಗಾಗಿ ‘ನಮಗೇನೂ ಅಭ್ಯಂತರ ಇಲ್ಲಪ್ಪ, ಅಸೋಸಿಯೇಷನ್‌ನವರು ಬಿಡಲ್ಲ’ ಎಂದು ಓನರ್ ಹೇಳಿದರೆ, ಅದು ಬೇಡ ಎನ್ನುವುದಕ್ಕೆ ಸಿಕ್ಕ ಸಭ್ಯ ದಾರಿ ಎಂದುಕೊಳ್ಳಬಹುದು.

‘ಪ್ರಾಣಿ ಹೊಕ್ಕರೆ ಮನೆ ಹಾಳು’

ವಿಟ್ರಿಫೈಡ್ ಟೈಲ್ಸಿಗಾಗಲಿ ಮೊಸಾಯಿಕ್ಕಿಗಾಗಲಿ ನಾಯಿಯ ಉಗುರಿನಿಂದ ಆಗುವುದು ಅಷ್ಟರಲ್ಲೇ ಇದೆ. ಏಟು ಬೀಳುವುದು ಬೇರೆ ಕಡೆ: ಮರದ ನೆಲ, ಬಾಗಿಲಿನ ಕೆಳ ಅಂಚು, ಹೊಸಿಲು, ಕಿಟಕಿಯ ಸೊಳ್ಳೆ ಪರದೆ. ಹಲ್ಲು ಬದಲಾಗುವ ನಾಲ್ಕೈದು ತಿಂಗಳ ಮರಿಗೆ ತೇಗದ ಹೊಸಿಲೂ ಒಂದೇ, ಚಪ್ಪಲಿಯೂ ಒಂದೇ. ತಮಾಷೆಯೆಂದರೆ ‘ಚಿಕ್ಕ ಮರಿ ತಾನೇ, ಪರವಾಗಿಲ್ಲ’ ಎಂದು ಒಪ್ಪುವ ಓನರ್, ದಿನವಿಡೀ ಮಲಗಿರುವ ಎಂಟು ವರ್ಷದ ನಾಯಿಗೆ ಬೇಡ ಎನ್ನುತ್ತಾರೆ.

ನಿಜವಾದ ತಲೆನೋವು ಬೆಕ್ಕಿನ ಮೂತ್ರ. ಅದರಲ್ಲಿನ ಯೂರಿಕ್ ಆಮ್ಲದ ಹರಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಟೈಲ್ಸ್ ಸಂದಿನೊಳಗೆ ಕೂತು, ಮಳೆಗಾಲದ ತೇವ ತಾಗಿದಾಗ ಮತ್ತೆ ನಾರುತ್ತದೆ. ಫಿನಾಯಿಲ್ ಆ ವಾಸನೆಯನ್ನು ಎರಡು ದಿನ ಮುಚ್ಚಿಡುತ್ತದೆ ಅಷ್ಟೆ. ಮೇಲಾಗಿ ಅದು ಬೆಕ್ಕಿಗೆ ವಿಷ. ಪೆಟ್ ಶಾಪ್‌ಗಳಲ್ಲಿ ಸಿಗುವ ಎನ್‌ಜೈಮ್ ಕ್ಲೀನರ್ ಸುರಿದು, ಉಜ್ಜದೆ, ತಾನಾಗಿ ಒಣಗಲು ಬಿಡಬೇಕು. ಗಂಡು ಬೆಕ್ಕಾದರೆ ಆಪರೇಷನ್ ಆಗಿದೆಯೇ ಎಂದು ಕೇಳಿ. ಆಗಿದ್ದರೆ ಗೋಡೆಗೆ ಹಾರಿಸುವ ಚಾಳಿ ಬಹಳ ಮಟ್ಟಿಗೆ ತಪ್ಪುತ್ತದೆ.

‘ದೊಡ್ಡ ನಾಯಿ ಬೇಡ, ಪೊಮೆರೇನಿಯನ್ ಆದರೆ ಸರಿ’

ಗಾತ್ರಕ್ಕೂ ಗದ್ದಲಕ್ಕೂ ಸಂಬಂಧವಿಲ್ಲ. ಪೊಮೆರೇನಿಯನ್ ಕಾಲಿಂಗ್ ಬೆಲ್ಲಿಗೂ ಕುಕ್ಕರಿನ ಸೀಟಿಗೂ ಉತ್ತರ ಕೊಡುತ್ತದೆ. ಬಾಗಲಕೋಟೆ ಕಡೆಯ ಮುಧೋಳ ನಾಯಿ ಎತ್ತರದ್ದೇ, ಆದರೆ ಹೆಚ್ಚು ಬೊಗಳುವ ಜಾತಿಯಲ್ಲ. ಅದಕ್ಕೆ ಬೇಕಾದದ್ದು ಓಡಲು ಜಾಗ. ಕೇಳಬೇಕಾದ ಪ್ರಶ್ನೆ ಒಂದೇ: ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ? ಬೆಳಗಿನಿಂದ ಸಂಜೆಯವರೆಗೆ ಒಂಟಿಯಾಗಿ ಕೂಡಿಹಾಕಿದ ನಾಯಿ ಯಾವ ಜಾತಿಯದಾದರೂ ಊಳಿಡುತ್ತದೆ.

‘ಬೇಡ ಎಂದು ಬರೆಸಿಬಿಟ್ಟರೆ ಚಿಂತೆಯಿಲ್ಲ’

ಹನ್ನೊಂದು ತಿಂಗಳ ಕರಾರನ್ನು ಹಳೆಯದರಿಂದ ನಕಲು ಮಾಡಿ ಟೈಪ್ ಮಾಡಿಸುತ್ತಾರೆ. ‘ನೋ ಪೆಟ್ಸ್’ ಸಾಲು ಅದರೊಟ್ಟಿಗೇ ಬರುತ್ತದೆ. ಪರಿಣಾಮವೆಂದರೆ ಜನ ಕದ್ದು ಸಾಕುತ್ತಾರೆ. ಬೆಕ್ಕು ಬಚ್ಚಿಟ್ಟವರು ಬಚ್ಚಲಿನ ಪೈಪ್ ಸೋರುತ್ತಿದ್ದರೂ ಓನರ್‌ಗೆ ಹೇಳುವುದಿಲ್ಲ, ಏಕೆಂದರೆ ಪ್ಲಂಬರ್ ಜೊತೆ ಓನರೂ ಮೇಲೆ ಬರುತ್ತಾರೆ! ಬೆಕ್ಕು ಮಾಡದ ಹಾನಿಯನ್ನು ಆ ನೀರು ಮಾಡುತ್ತದೆ.

ಅದರ ಬದಲು ಯಾವ ಪ್ರಾಣಿ, ಎಷ್ಟು, ಪರದೆ ಹರಿದರೆ ಯಾರು ಹಾಕಿಸಬೇಕು ಎಂದು ಬರೆಸಿ, ರೇಬೀಸ್ ಲಸಿಕೆ ಪುಸ್ತಕದ ಪ್ರತಿ ಲಗತ್ತಿಸಿ, ಕೀ ಕೊಡುವ ದಿನ ಬಾಗಿಲು–ನೆಲದ ಫೋಟೊ ತೆಗೆದಿಟ್ಟುಕೊಳ್ಳಿ. ಸಹಜ ಸವಕಳಿ ಬಿಟ್ಟು ಉಳಿದಂತೆ ಮನೆಯನ್ನು ಇದ್ದ ಸ್ಥಿತಿಯಲ್ಲೇ ಒಪ್ಪಿಸುವ ಹೊಣೆ ಬಾಡಿಗೆದಾರನದು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮೇ ಹೇಳುತ್ತದೆ. ಬಾಗಿಲ ಮೇಲಿನ ಗೀರು ಯಾವಾಗಿನದು ಎಂಬ ಜಗಳವನ್ನು ಫೋಟೊ ತೀರಿಸುತ್ತದೆ.

‘ನಮ್ಮದು ವೆಜ್ ಮನೆ, ಬೆಕ್ಕಿಗೆ ಮೊಸರನ್ನ ಹಾಕಿದರಾಯಿತು’

ಆಗುವುದಿಲ್ಲ. ಟಾರಿನ್ ಎಂಬ ಅಂಶ ಬೆಕ್ಕಿಗೆ ಮಾಂಸ, ಮೀನಿನಿಂದಲೇ ಸಿಗಬೇಕು. ಸಿಗದಿದ್ದರೆ ಕಣ್ಣು, ಹೃದಯ ಕೆಡುತ್ತವೆ. ಬೆಕ್ಕಿಗೆ ಒಪ್ಪುವ ಸಸ್ಯಾಹಾರಿ ಓನರ್, ಫ್ರಿಜ್ಜಿನಲ್ಲಿ ಮೀನಿನ ಡಬ್ಬಿಯೂ ಇರುತ್ತದೆ ಎಂಬ ಮಾತನ್ನು ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಆಡಿ ಮುಗಿಸಲಿ.