ಹಾದಿ ಬಿಡುವ ಮುನ್ನ

ಬಂಗಾರಪೇಟೆಯಿಂದ ಕೋಲಾರ ಚಿನ್ನದ ಗಣಿಗಳಿಗೆ ಬರುವವರಿಗೆ ಊರಿನ ಅಂಚಿನಲ್ಲಿ ಬಿಳುಪಾದ ದಿಬ್ಬಗಳು ಗೋಚರಿಸುತ್ತವೆ. ಬೇಸಗೆಯ ಬಿಸಿಲಿನಲ್ಲಿಯೂ ಅವು ಹಿಮಗಿರಿಯ ತುಣುಕುಗಳೆಂಬ ಭ್ರಾಂತಿಯನ್ನು ಹುಟ್ಟಿಸುತ್ತವೆ. ಅವನ್ನು ಏರಿ ಜಾರಬೇಕೆಂಬ ಆಸೆ ಎಳೆಯರಲ್ಲಿ ಮೂಡುವುದು ಸಹಜ. ಆದಕಾರಣ ನಿಜವಾದ ಹಿಮದಲ್ಲಿ ಜಾರುವವರು ತಮ್ಮ ಇಳಿಜಾರನ್ನು ಆರಿಸಿಕೊಳ್ಳುವ ಬಗೆಯನ್ನು ತಿಳಿದು, ಆ ಒರೆಗಲ್ಲಿಗೆ ಈ ಸೀಮೆಯ ನೆಲವನ್ನು ಉಜ್ಜಿ ನೋಡುವುದು ಉಚಿತ.

ಕಾಶ್ಮೀರದ ಗುಲ್ಮಾರ್ಗ್ ಸ್ಕೀ ಕ್ರೀಡೆಗೆ ಹೆಸರಾದ ತಾಣ. ಅಲ್ಲಿ ಹಿಮವನ್ನು ಹದಗೊಳಿಸಿದ ಹಾದಿಗಳುಂಟು. ಅವುಗಳಾಚೆ ಹದಗೊಳಿಸದ ಇಳಿಜಾರುಗಳೂ ಉಂಟು. ಕಾಲಿಗೆ ಜೋಡಿ ಸ್ಕೀ ಕಟ್ಟಿದವರಿಗೂ ಒಂದೇ ಹಲಗೆಯ ಸ್ನೋಬೋರ್ಡಿನವರಿಗೂ ಎರಡನೆಯದರ ಸೆಳೆತವೇ ಅಧಿಕ. ಆದರೆ ಬಲ್ಲವರು ನಾಲ್ಕು ಸಂಗತಿಗಳನ್ನು ಪರಿಶೀಲಿಸದೆ ಹಾದಿ ಬಿಡರು. ಮೊದಲನೆಯದು ಇಳಿಜಾರಿನ ಕೋನ. ಹಿಮದ ಕುಸಿತಗಳು ಬಹುಮಟ್ಟಿಗೆ 30ರಿಂದ 45 ಡಿಗ್ರಿ ಓರೆಯಲ್ಲಿ ಸಂಭವಿಸುತ್ತವೆ. ಎರಡನೆಯದು ಒಳಪದರ, ಮೇಲೆ ಗಟ್ಟಿಯಾಗಿ ಕಂಡ ಹಿಮದಡಿಯಲ್ಲಿ ಸಡಿಲವಾದ ಪದರವಿರಬಹುದು. ಮೂರನೆಯದು ಇಳಿಜಾರಿನ ಕೊನೆ. ಅದು ಬಯಲನ್ನು ಸೇರುವುದೋ ಕಂದರವನ್ನೋ ಎಂಬುದು. ನಾಲ್ಕನೆಯದು ಆ ಬೆಟ್ಟವನ್ನು ಬಲ್ಲ ಸ್ಥಳೀಯನ ಸಂಗಡ. ಈ ಎಚ್ಚರಿಕೆ ಅತಿಯಾದುದಲ್ಲ. 2023ರ ಫೆಬ್ರುವರಿ 1ರಂದು ಗುಲ್ಮಾರ್ಗಿನ ಅಫರ್ವತ್ ಶಿಖರದ ಬಳಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀ ಪಟುಗಳು ಅಸುನೀಗಿದರು.

ಇನ್ನು ಚಿನ್ನದ ಗಣಿಯ ದಿಬ್ಬಗಳು. ಗಣಿಯಿಂದ ತೆಗೆದ ಬೆಣಚುಕಲ್ಲನ್ನು ನುಣ್ಣಗೆ ಪುಡಿಮಾಡಿ, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ಬೇರ್ಪಡಿಸಿದ ಮೇಲೆ ಉಳಿದ ಪುಡಿಯೇ ಈ ರಾಶಿ. ಜನರು ಇದನ್ನು ಸಯನೈಡ್ ದಿಬ್ಬವೆಂದೇ ಕರೆಯುತ್ತಾರೆ. ಇವೆಲ್ಲವುಗಳ ತೂಕ ಮೂರು ಕೋಟಿ ಟನ್ನಿಗೂ ಮಿಗಿಲು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ರಾಶಿಗಳು ಉಳಿದವು. ಇವು ಎರಡನೆಯ ಪರೀಕ್ಷೆಯಲ್ಲಿಯೇ ಸೋಲುತ್ತವೆ. ಮಳೆಯ ನೀರು ಪಕ್ಕಗಳನ್ನು ಕೊರೆದು ಆಳವಾದ ಕೊರಕಲುಗಳನ್ನು ಮಾಡುತ್ತದೆ. ಗಟ್ಟಿಯೆಂದು ಕಾಲಿಟ್ಟ ಅಂಚು ಕುಸಿಯಬಹುದು. ಗಾಳಿಗೆ ಏಳುವ ನುಣುಪಾದ ಕಲ್ಲಿನ ಧೂಳಂತೂ ಶ್ವಾಸಕೋಶಕ್ಕೆ ಹಾನಿಕರ. ಅವು ದೂರದಿಂದ ನೋಡತಕ್ಕವೇ ಹೊರತು ಜಾರತಕ್ಕವಲ್ಲ.

ಬಳಸಿದ ಹಾದಿಯಿಂದಾಚೆ ಸಾಗಬೇಕೆಂಬ ಉತ್ಸಾಹಿಗಳಿಗೆ ಕೋಲಾರದ ಅಂತರಗಂಗೆಯ ಬೆಟ್ಟವಿದೆ. ಬಸವನ ಬಾಯಿಂದ ನೀರು ಬೀಳುವ ಕಾಶೀವಿಶ್ವೇಶ್ವರನ ಸನ್ನಿಧಿಯವರೆಗೆ ಮೆಟ್ಟಿಲುಗಳುಂಟು. ಅದರ ಮೇಲೆ ಹೆಬ್ಬಂಡೆಗಳೂ ಗವಿಗಳೂ ಇವೆ. ಅಲ್ಲಿಯೂ ಅದೇ ಪರೀಕ್ಷೆ ಸಲ್ಲುತ್ತದೆ. ಬಂಡೆ ಒದ್ದೆಯಾಗಿದೆಯೇ, ಗವಿಯಿಂದ ಹೊರಬರುವ ದಾರಿ ಎಲ್ಲಿ, ಜೊತೆಗೆ ಬಲ್ಲವರು ಇದ್ದಾರೆಯೇ ಎಂದು ಮೊದಲೇ ಅರಿಯಬೇಕು. ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಸ್ಥಳೀಯರೊಡನೆ ಹಿಂದಿನ ದಿನವೇ ಬೆಟ್ಟವನ್ನು ಒಮ್ಮೆ ಏರಿಳಿದು ಬರುವುದು ಶ್ರೇಯಸ್ಕರ.