‘ಬಾಯಿ ಕಟ್ಟು’ ಅನ್ನೋ ಮುಂಚೆ ಇದನ್ನೋದಿ

‘ನಾನು ತಿನ್ನೋದೇ ಎರಡು ಚಪಾತಿ ಕಣ್ರೀ, ಆದ್ರೂ ಮೈ ಇಳಿಯಲ್ಲ!’ ಬೆಳಗಿನ ವಾಕಿಂಗ್‌ನಲ್ಲಿ, ಮದುವೆ ಮನೆಯಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಕೇಳಿದವರು ಮೇಲೆ ‘ಹೌದಾ’ ಅಂದು ಒಳಗೊಳಗೇ ನಗುತ್ತಾರೆ. ಗಂಡ, ಅತ್ತೆ, ಕೊನೆಗೆ ಹೆತ್ತ ಮಕ್ಕಳೂ ಹೇಳೋದು ಒಂದೇ: ‘ಸ್ವಲ್ಪ ಬಾಯಿ ಕಟ್ಟು, ಎಲ್ಲ ಸರಿಹೋಗುತ್ತೆ.’ ಹಸಿವು ಅನ್ನೋದು ಬರೀ ಬಾಯಿಚಪಲ, ಮನಸ್ಸು ಗಟ್ಟಿ ಮಾಡಿಕೊಂಡರೆ ಮುಗೀತು ಅಂತ ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಈ ನಂಬಿಕೆಯನ್ನು ಅಲುಗಾಡಿಸಿದ್ದು ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಹುಟ್ಟಿದ ಡುಮ್ಮ ಇಲಿ!

ಅದು 1949. ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ ಸಾಕಿದ್ದ ಇಲಿಗಳ ಪೈಕಿ ಕೆಲವು ವಿಪರೀತ ಊದಿಕೊಳ್ಳತೊಡಗಿದವು. ತಿಂದದ್ದೇ ತಿಂದದ್ದು. ತೂಕ ಸಾಮಾನ್ಯ ಇಲಿಯ ಮೂರು ಪಟ್ಟು! ಅರವತ್ತರ ದಶಕದಲ್ಲಿ ಅಲ್ಲೇ ಇನ್ನೊಂದು ತಳಿ ಕಾಣಿಸಿತು. ಅದಕ್ಕೆ ಬೊಜ್ಜಿನ ಜೊತೆ ಜೋರು ಸಕ್ಕರೆ ಕಾಯಿಲೆ.

ಕೆನಡಾ ಮೂಲದ ವಿಜ್ಞಾನಿ ಡಗ್ಲಸ್ ಕೋಲ್‌ಮನ್ ಒಂದು ವಿಚಿತ್ರ ಪ್ರಯೋಗ ಮಾಡಿದರು. ಎರಡೆರಡು ಇಲಿಗಳನ್ನು ಪಕ್ಕಪಕ್ಕ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. (ಓದೋಕೆ ಸಂಕಟ ಆಗುತ್ತೆ, ನಿಜ.) ಸಕ್ಕರೆ ಕಾಯಿಲೆಯ ಇಲಿಯ ಜೊತೆ ಸೇರಿದ ಆರೋಗ್ಯವಂತ ಇಲಿ ಊಟವನ್ನೇ ಬಿಟ್ಟು ಉಪವಾಸದಿಂದ ಸತ್ತಿತು. ಡುಮ್ಮ ಇಲಿಗೂ ಅದೇ ಗತಿ. ಆದರೆ ಡುಮ್ಮ ಇಲಿಯನ್ನು ಆರೋಗ್ಯವಂತ ಇಲಿಗೆ ಜೋಡಿಸಿದಾಗ ಅದು ಹಿತಮಿತವಾಗಿ ತಿಂದು ಸಣ್ಣಗಾಯಿತು. ಇದರರ್ಥ? ‘ಸಾಕು, ಹೊಟ್ಟೆ ತುಂಬಿತು’ ಎಂದು ಹೇಳುವ ಯಾವುದೋ ಒಂದು ವಸ್ತು ರಕ್ತದಲ್ಲಿದೆ. ಡುಮ್ಮ ಇಲಿಯಲ್ಲಿ ಅದು ತಯಾರಾಗುತ್ತಿಲ್ಲ. ಸಕ್ಕರೆ ಕಾಯಿಲೆಯ ಇಲಿಯಲ್ಲಿ ಬೇಕಾದಷ್ಟಿದೆ, ಆದರೆ ಅದರ ಮಾತು ಮೆದುಳಿಗೆ ಕೇಳಿಸುತ್ತಿಲ್ಲ.

ಆ ವಸ್ತು ಯಾವುದು ಅಂತ ಹುಡುಕಲು ಹೊರಟವರು ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್. ಓದಿದ್ದು ವೈದ್ಯಕೀಯ, ಹಿಡಿದದ್ದು ಸಂಶೋಧನೆ. ಸುಮಾರು ಎಂಟು ವರ್ಷ ಒಂದೇ ಜೀನ್‌ನ ಬೆನ್ನು ಹತ್ತಿ, 1994ರಲ್ಲಿ ಅದನ್ನು ಪತ್ತೆ ಮಾಡಿದರು. ಅದರಿಂದ ತಯಾರಾಗುವ ಹಾರ್ಮೋನಿಗೆ ‘ಲೆಪ್ಟಿನ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಲೆಪ್ಟೋಸ್’ ಅಂದರೆ ತೆಳ್ಳಗೆ ಅಂತ. ತಮಾಷೆ ನೋಡಿ, ಈ ತೆಳ್ಳಗಿನ ಹಾರ್ಮೋನು ಹುಟ್ಟೋದು ನಾವೆಲ್ಲ ಶಪಿಸುವ ಕೊಬ್ಬಿನಲ್ಲೇ! ಮನೆಯ ಅಕ್ಕಿ ಡಬ್ಬ ತಳ ಕಂಡಾಗ ನೀವು ಯಜಮಾನರಿಗೆ ಹೇಳ್ತೀರಲ್ಲ, ಹಾಗೆ ದೇಹದಲ್ಲಿ ಎಷ್ಟು ಕೊಬ್ಬಿದೆ ಎಂಬ ಲೆಕ್ಕವನ್ನು ಲೆಪ್ಟಿನ್ ಮೆದುಳಿಗೆ ಒಪ್ಪಿಸುತ್ತಿರುತ್ತದೆ. ಲೆಪ್ಟಿನ್ ಕಡಿಮೆಯಾದರೆ ಮೆದುಳು ‘ದಾಸ್ತಾನು ಖಾಲಿ, ತಿನ್ನು’ ಅನ್ನುತ್ತದೆ. 2010ರಲ್ಲಿ ಕೋಲ್‌ಮನ್ ಮತ್ತು ಫ್ರೀಡ್‌ಮನ್ ಇಬ್ಬರಿಗೂ ಸೇರಿ ಲಾಸ್ಕರ್ ಪ್ರಶಸ್ತಿ ಬಂತು.

ಇಲಿ ಬಿಡಿ, ಮನುಷ್ಯರ ಕಥೆ ಏನು?

1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವೈದ್ಯರು ಪಾಕಿಸ್ತಾನಿ ಮೂಲದ ಕುಟುಂಬದ ಇಬ್ಬರು ಮಕ್ಕಳ ಬಗ್ಗೆ ಬರೆದರು. ಎಂಟು ವರ್ಷದ ಹುಡುಗಿ, ತೂಕ 86 ಕೆ.ಜಿ. ಅವಳ ಬಂಧು, ಎರಡು ವರ್ಷದ ಗಂಡು ಮಗು, 29 ಕೆ.ಜಿ! ಇಬ್ಬರ ರಕ್ತದಲ್ಲೂ ಲೆಪ್ಟಿನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಎಷ್ಟು ತಿಂದರೂ ಹಸಿವು ತೀರದ ಮಕ್ಕಳವು. ಇಂಥ ಮಗುವಿನ ತಾಯಿಗೆ ಜನ ಏನೇನು ಅಂದಿರಬಹುದು, ಊಹಿಸಿಕೊಳ್ಳಿ. ಹುಡುಗಿಗೆ ದಿನಾ ಲೆಪ್ಟಿನ್ ಚುಚ್ಚುಮದ್ದು ಶುರು ಮಾಡಿದರು. ಹಸಿವು ಹತೋಟಿಗೆ ಬಂತು, ಒಂದು ವರ್ಷದಲ್ಲಿ 16 ಕೆ.ಜಿ. ಇಳಿಯಿತು. ಅವಳ ಮನಸ್ಸನ್ನು ಯಾರೂ ಗಟ್ಟಿ ಮಾಡಿರಲಿಲ್ಲ, ಇಲ್ಲದ ಹಾರ್ಮೋನನ್ನು ತುಂಬಿಕೊಟ್ಟಿದ್ದರು ಅಷ್ಟೆ. ಸಂಬಂಧದಲ್ಲೇ ಮದುವೆಯಾಗುವ ಮನೆತನಗಳಲ್ಲಿ ಈ ದೋಷ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಕಡೆಯವರೂ ಇದನ್ನು ತಿಳಿದಿರಬೇಕು. ಆದರೆ ಇದು ತೀರಾ ಅಪರೂಪ. ನಮ್ಮ ಗುಂಡಣ್ಣ ಗುಂಡಮ್ಮಗಳಿಗೆಲ್ಲ ಇದೇ ಇರಬೇಕು ಅಂದುಕೊಂಡು ಗಾಬರಿಯಾಗೋದು ಬೇಡ.

ಹಾಗಾದ್ರೆ ದಪ್ಪಗಿರೋರಿಗೆಲ್ಲ ಲೆಪ್ಟಿನ್ ಚುಚ್ಚಿದರಾಯ್ತಲ್ಲ ಅಂತೀರಾ? ಔಷಧ ಕಂಪನಿಗಳಿಗೂ ಹಾಗೇ ಅನಿಸಿತ್ತು. ಆಮ್ಜೆನ್ ಕಂಪನಿ ಇದರ ಹಕ್ಕಿಗೆ 2 ಕೋಟಿ ಡಾಲರ್ ಸುರಿದಿತ್ತು. ಆದರೆ ಹೆಚ್ಚಿನವರಲ್ಲಿ ಅದು ನಾಟಲಿಲ್ಲ. ಯಾಕೆಂದರೆ ದಪ್ಪಗಿರುವವರ ರಕ್ತದಲ್ಲಿ ಲೆಪ್ಟಿನ್ ಮೊದಲೇ ಧಾರಾಳವಾಗಿರುತ್ತದೆ, ಮೆದುಳಿಗೆ ಕೇಳಿಸುವುದಿಲ್ಲ. ಟಿ.ವಿ.ಯಲ್ಲಿ ಸೀರಿಯಲ್ ಜೋರಾಗಿದ್ದರೆ ಕುಕ್ಕರ್ ಎಷ್ಟು ವಿಷಲ್ ಹೊಡೆದರೂ ಗೊತ್ತಾಗಲ್ಲ ಅಲ್ವಾ, ಹಾಗೆ.

ಮಗಳ ಮದುವೆ, ಹದಿನೈದು ದಿನದ ಡಯಟ್

ಸಮಾರಂಭ ಹತ್ತಿರ ಬಂತೆಂದರೆ ಹೊಸ ಬ್ಲೌಸ್‌ಗಾಗಿ ಅನ್ನ ಬಿಟ್ಟು, ಬರೀ ಹಣ್ಣು ಜ್ಯೂಸ್‌ನಲ್ಲಿ ದಿನ ತಳ್ಳುವವರಿದ್ದಾರೆ. ತೂಕ ಇಳಿಯೋದೂ ನಿಜ, ಆರು ತಿಂಗಳಲ್ಲಿ ಬಡ್ಡಿ ಸಮೇತ ವಾಪಸ್ ಬರೋದೂ ನಿಜ. ಇದಕ್ಕೆ ಕಾರಣ 2011ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಬಂದ ಅಧ್ಯಯನದಲ್ಲಿದೆ. 50 ಜನರನ್ನು ಹತ್ತು ವಾರ ತೀರಾ ಕಡಿಮೆ ಆಹಾರದಲ್ಲಿ ಇಟ್ಟು ನೋಡಿದರು. ತೂಕ ಇಳಿಯಿತು, ಜೊತೆಗೆ ಲೆಪ್ಟಿನ್ ಕುಸಿಯಿತು, ಹಸಿವು ಹೆಚ್ಚಿಸುವ ‘ಘ್ರೆಲಿನ್’ ಎಂಬ ಇನ್ನೊಂದು ಹಾರ್ಮೋನು ಏರಿತು. ಒಂದು ವರ್ಷ ಕಳೆದ ಮೇಲೂ ಇವು ಮೊದಲಿನ ಸ್ಥಿತಿಗೆ ಬಂದಿರಲಿಲ್ಲ. ಅಂದರೆ ನೀವು ಡಯಟ್ ಮುಗಿಸಿದರೂ ದೇಹ ಬರಗಾಲ ಬಂದಿದೆ ಅಂತಲೇ ತಿಳಿದಿರುತ್ತದೆ. ಆಮೇಲೆ ರಾತ್ರಿ ಹನ್ನೊಂದಕ್ಕೆ ಫ್ರಿಜ್ ಬಾಗಿಲು ತೆಗೆದವರನ್ನು ಬೈದು ಏನು ಪ್ರಯೋಜನ?

ನಿದ್ದೆಯ ವಿಷಯಕ್ಕೂ ಬರೋಣ. ರಾತ್ರಿ ಎಲ್ಲರೂ ಮಲಗಿದ ಮೇಲೆ ಪಾತ್ರೆ, ನಾಳೆಯ ತರಕಾರಿ. ಬೆಳಿಗ್ಗೆ ಐದಕ್ಕೆ ಮಕ್ಕಳ ಡಬ್ಬಿ. 2004ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು 12 ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಅಷ್ಟಕ್ಕೇ ಲೆಪ್ಟಿನ್ ಶೇ 18 ಇಳಿದು, ಘ್ರೆಲಿನ್ ಶೇ 28 ಏರಿತು. ಸಿಹಿ ಮತ್ತು ಕುರುಕಲು ತಿಂಡಿಯ ಆಸೆ ಹೆಚ್ಚಾಯಿತು. ಎರಡು ರಾತ್ರಿಗೇ ಹೀಗೆ! ವರ್ಷಗಟ್ಟಲೆ ನಿದ್ದೆಗೆಡುವವರ ಪಾಡು? ಹಾಗಾಗಿ ರಾತ್ರಿಯ ಪಾತ್ರೆ ಕೆಲಸವನ್ನು ಮನೆಯವರೂ ಹಂಚಿಕೊಳ್ಳಲಿ. ತಮಾಷೆಗಲ್ಲ, ಆರೋಗ್ಯದ ದೃಷ್ಟಿಯಿಂದಲೇ ಹೇಳ್ತಿರೋದು.

ಸಣ್ಣಗಿದ್ದೀನಿ, ನಂಗೇನೂ ಇಲ್ಲ!

ಹೀಗೆ ಹೇಳುವವರು ಸ್ವಲ್ಪ ನಿಲ್ಲಿ. ಪುಣೆಯ ವೈದ್ಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್‌ನ ಡಾ. ಜಾನ್ ಯುಡ್‌ಕಿನ್ 2004ರಲ್ಲಿ ತಮ್ಮದೇ ಫೋಟೊ ಹಾಕಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. ಎತ್ತರಕ್ಕೆ ತಕ್ಕ ತೂಕದ ಅಳತೆ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್‌ಕಿನ್‌ಗೆ ಶೇ 9.1, ನಮ್ಮ ಯಾಜ್ಞಿಕ್‌ಗೆ ಶೇ 21.2! ಭಾರತೀಯರ ಮೈಕಟ್ಟೇ ಹಾಗೆ. ಕೈಕಾಲು ಸಣ್ಣ, ಕೊಬ್ಬೆಲ್ಲ ಹೊಟ್ಟೆಯ ಒಳಗೆ. ಆ ಕೊಬ್ಬು ಯಕೃತ್ತಿಗೂ ಹರಡಿದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಸಕ್ಕರೆ ಏರುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ.

ಆದ್ದರಿಂದ ತೂಕದ ಮೆಷಿನ್‌ಗಿಂತ ಟೈಲರಿಂಗ್ ಟೇಪ್ ವಾಸಿ. ಹೆಂಗಸರ ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಿದರೆ (ಸುಮಾರು ಮೂವತ್ತೊಂದೂವರೆ ಇಂಚು) ರಕ್ತ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 100ರಿಂದ 125 ಬಂದರೆ ಎಚ್ಚರಿಕೆಯ ಗಂಟೆ. 126 ಅಥವಾ ಹೆಚ್ಚು ಬಂದರೆ ವೈದ್ಯರು ಇನ್ನೊಮ್ಮೆ ನೋಡಿ ಖಚಿತಪಡಿಸುತ್ತಾರೆ. ಬಸುರಿಯಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದವರಂತೂ ಹೆರಿಗೆಯಾಯ್ತು, ಹೋಯ್ತು ಅಂತ ಮರೆಯಬೇಡಿ. ದಿಢೀರ್ ಮೈ ಬಂದರೆ ಥೈರಾಯ್ಡ್ ಕೂಡ ನೋಡಿಸಿ.

ಊಟದಲ್ಲಿ ಮಾಡಬಹುದಾದ ಸುಲಭದ ಬದಲಾವಣೆ ಒಂದಿದೆ. ನ್ಯೂಯಾರ್ಕ್‌ನ ವೈಲ್ ಕಾರ್ನೆಲ್ ವೈದ್ಯರು 2015ರಲ್ಲಿ 11 ಮಧುಮೇಹಿಗಳಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟರು. ಮೊದಲು ತರಕಾರಿ, ಪ್ರೋಟೀನ್ ತಿಂದು ಹದಿನೈದು ನಿಮಿಷದ ಮೇಲೆ ಬ್ರೆಡ್ ತಿಂದಾಗ, ಒಂದು ಗಂಟೆಯ ಹೊತ್ತಿಗೆ ರಕ್ತದ ಸಕ್ಕರೆ ಶೇ 37ರಷ್ಟು ಕಡಿಮೆಯಿತ್ತು. ನಮ್ಮ ಬಾಳೆ ಎಲೆಯಲ್ಲೂ ಕೋಸಂಬರಿ, ಪಲ್ಯ ಮೊದಲೇ ಬಂದು ಕೂತಿರುತ್ತವೆ, ನಾವು ಅನ್ನ ಬರೋವರೆಗೆ ಮುಟ್ಟಲ್ಲ ಅಷ್ಟೆ! ಪಲ್ಯ, ಮೊಳಕೆ ಕಾಳಿನ ಉಸಲಿ ಮೊದಲು ತಿನ್ನಿ, ಆಮೇಲೆ ಅನ್ನ, ಮುದ್ದೆ. ಮತ್ತೆ ‘ಚೆಲ್ಲೋದ್ಯಾಕೆ’ ಅಂತ ಮಕ್ಕಳ ತಟ್ಟೆಯ ಮಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವಿದ್ದರೆ, ಮಕ್ಕಳಿಗೆ ಬಡಿಸುವಾಗಲೇ ಕಡಿಮೆ ಬಡಿಸಿ.

ಕೊನೆಯದಾಗಿ, ಈಗ ಎಲ್ಲರ ಬಾಯಲ್ಲೂ ಇರುವ ತೂಕ ಇಳಿಸುವ ಇಂಜೆಕ್ಷನ್. ಸೆಮಾಗ್ಲುಟೈಡ್ ಎಂಬ ಈ ಔಷಧ ‘ವಿಗೋವಿ’ ಹೆಸರಿನಲ್ಲಿ 2025ರಲ್ಲಿ ಭಾರತಕ್ಕೆ ಬಂತು. ಇದು ಲೆಪ್ಟಿನ್ ಅಲ್ಲ. ಊಟವಾದ ಮೇಲೆ ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1 ಎಂಬ ಹಾರ್ಮೋನಿನ ಹಾಗೆ ಕೆಲಸ ಮಾಡುತ್ತದೆ. ಹಸಿವು ತಗ್ಗುವುದು, ತೂಕ ಇಳಿಯುವುದು ನಿಜ. ಆದರೆ ಬಿಟ್ಟ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮತ್ತೆ ಏರಿದ್ದು 2022ರ ಅಧ್ಯಯನವೊಂದರಲ್ಲಿ ಕಂಡಿದೆ. ವಾಂತಿ, ಹೊಟ್ಟೆ ತೊಳಸುವುದು ಸಾಮಾನ್ಯ. ಪಕ್ಕದ ಮನೆಯವರು ತಗೊಂಡ್ರು ಅಂತ ನೀವೂ ತಗೋಬೇಡಿ, ವೈದ್ಯರು ನೋಡಿ ಬರೆದುಕೊಟ್ಟರೆ ಮಾತ್ರ. ಬಸುರಿಯರು ಮತ್ತು ಬಸುರಿಯಾಗಬೇಕೆಂದಿರುವವರು ತೆಗೆದುಕೊಳ್ಳುವಂತೆಯೇ ಇಲ್ಲ.