ಡಚ್ಚರು ಕಟ್ಟದ ಡಚ್ ಅರಮನೆ

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ರಾಮಾಯಣದ ಭಿತ್ತಿಚಿತ್ರಗಳಿಗೆ ಹೆಸರಾದ ಅರಮನೆಯನ್ನು ಎಲ್ಲರೂ ಡಚ್ ಅರಮನೆಯೆಂದೇ ಕರೆಯುತ್ತಾರಾದರೂ, ಅದನ್ನು 16ನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿ ಅಲ್ಲಿಯ ಅರಸ ವೀರ ಕೇರಳವರ್ಮನಿಗೆ ಒಪ್ಪಿಸಿದವರು ಪೋರ್ಚುಗೀಸರು. ಸುಮಾರು ನೂರು ವರ್ಷಗಳ ಅನಂತರ ಬಂದ ಡಚ್ಚರು ಮಾಡಿಸಿದ್ದು ದುರಸ್ತಿ ಮಾತ್ರ. ಮಲಬಾರಿನಲ್ಲಿ ಡಚ್ಚರ ಗುರುತು ಹುಡುಕುವವರನ್ನು ಈ ಹೆಸರು ದಾರಿ ತಪ್ಪಿಸುತ್ತದೆ, ಏಕೆಂದರೆ ಅವರ ಹೆಚ್ಚಿನ ಉಳಿಕೆ ಇರುವುದು ಕಲ್ಲು ಗಾರೆಗಳಲ್ಲಲ್ಲ, ಒಂದು ಪುಸ್ತಕದಲ್ಲಿ ಮತ್ತು ಬೆರಳೆಣಿಕೆಯ ಮಾತುಗಳಲ್ಲಿ.

1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿ ಕರಿಮೆಣಸಿನ ವ್ಯಾಪಾರದ ಮೇಲೆ ಕಣ್ಣಿಟ್ಟು 1663ರ ಜನವರಿಯಲ್ಲಿ ಕೊಚ್ಚಿಯ ಕೋಟೆಯನ್ನು ಪೋರ್ಚುಗೀಸರಿಂದ ಕಸಿದುಕೊಂಡಿತು. ಪ್ರಾಟೆಸ್ಟೆಂಟರಾದ ಹೊಸ ಒಡೆಯರು ಕ್ಯಾಥೊಲಿಕರ ಕಟ್ಟಡಗಳಲ್ಲಿ ಬಹುಪಾಲನ್ನು ಕೆಡವಿ, ಸೇಂಟ್ ಫ್ರಾನ್ಸಿಸ್ ಚರ್ಚನ್ನು ಮಾತ್ರ ತಮ್ಮ ಪ್ರಾರ್ಥನೆಗೆ ಉಳಿಸಿಕೊಂಡರು. ಮಲಯಾಳಿಗಳು ಇವರನ್ನು ಕರೆದದ್ದು 'ಲಂದಕ್ಕಾರ್' ಎಂದು, ಅಂದರೆ ಹಾಲೆಂಡಿನವರು.

ಕಂಪನಿಯ ಲೆಕ್ಕದ ಪುಸ್ತಕಗಳಾಚೆಗೆ ಬಾಳಿದ ಕೆಲಸವೆಂದರೆ 1670ರಿಂದ 1677ರವರೆಗೆ ಮಲಬಾರಿನ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ 'ಹೋರ್ಟಸ್ ಮಲಬಾರಿಕಸ್', ಎಂದರೆ ಮಲಬಾರಿನ ಉದ್ಯಾನ, ಎಂಬ ಲ್ಯಾಟಿನ್ ಗ್ರಂಥ. 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ಇದರಲ್ಲಿ 700ಕ್ಕೂ ಹೆಚ್ಚು ಗಿಡಮರಗಳ ವಿವರಗಳಿದ್ದು, ಅದರ ಹಿಂದಿದ್ದದ್ದು ಬರಿಯ ಜ್ಞಾನದಾಹವಲ್ಲ. ಕಂಪನಿಯ ಸೈನಿಕರಿಗೂ ನಾವಿಕರಿಗೂ ಸ್ಥಳೀಯ ಔಷಧಿ ದೊರೆಯಬೇಕೆಂಬ ಲೆಕ್ಕಾಚಾರವೂ ಮಲಬಾರು ಸಂಪದ್ಭರಿತ ನಾಡೆಂದು ಮೇಲಿನವರಿಗೆ ಮನಗಾಣಿಸುವ ಹಟವೂ ಅಲ್ಲಿ ಬೆರೆತಿದ್ದವು.

ಗ್ರಂಥದ ವಿದ್ಯೆ ಮಾತ್ರ ಡಚ್ಚರದಲ್ಲ. ಈಳವ ಸಮುದಾಯದ ವೈದ್ಯ ಇಟ್ಟಿ ಅಚ್ಯುತನ್ ತನ್ನ ಮನೆತನದ ತಾಳೆಗರಿಗಳಲ್ಲಿದ್ದ ಮದ್ದುಗಳನ್ನು ತಿಳಿಸಿದರೆ, ರಂಗ ಭಟ್ಟ, ವಿನಾಯಕ ಪಂಡಿತ ಮತ್ತು ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು ಗಿಡಗಳ ಹೆಸರು ಮತ್ತು ಗುಣಗಳನ್ನು ಒದಗಿಸಿದರು. ಪೋರ್ಚುಗೀಸರ ಗೋವೆಯನ್ನು ಬಿಟ್ಟು ಕೊಚ್ಚಿಯಲ್ಲಿಯೂ ಕನ್ನಡ ಕರಾವಳಿಯಲ್ಲಿಯೂ ನೆಲೆ ಕಂಡ ಕೊಂಕಣಿಗರ ವಲಸೆಗೆ ಸೇರಿದ ಮನೆತನಗಳವು. ಹೇಳಿದ್ದನ್ನು ಪೋರ್ಚುಗೀಸಿಗೆ, ಅಲ್ಲಿಂದ ಡಚ್ಚಿಗೆ, ಕೊನೆಗೆ ಲ್ಯಾಟಿನ್ನಿಗೆ ತಿರುಗಿಸುವ ದ್ರಾವಿಡ ಪ್ರಾಣಾಯಾಮದಲ್ಲಿ ಏನೇನು ಸೋರಿಹೋಯಿತೆಂದು ಲೆಕ್ಕವಿಡುವುದು ಕಷ್ಟವಾದರೂ, ಈ ವೈದ್ಯರು 1675ರಲ್ಲಿ ಬರೆದುಕೊಟ್ಟ ದೃಢೀಕರಣ ಪತ್ರಗಳು, ಅಚ್ಯುತನದು ಮಲಯಾಳದಲ್ಲಿ ಮತ್ತು ಉಳಿದ ಮೂವರದು ನಾಗರಿ ಲಿಪಿಯ ಕೊಂಕಣಿಯಲ್ಲಿ, ಮೊದಲ ಸಂಪುಟದಲ್ಲಿಯೇ ಅಚ್ಚಾಗಿರುವುದರಿಂದ ಕೆಲಸದ ಋಣವಂತೂ ಮರೆಯಾಗಲಿಲ್ಲ.

ಆ ಸಂಪುಟದ ಮೊದಲ ಚಿತ್ರ ತೆಂಗಿನ ಮರದ್ದು. ಅದಕ್ಕೆ ಕೊಟ್ಟಿರುವ 'ತೆಂಗ' ಎಂಬ ಹೆಸರನ್ನು ಗುರುತಿಸಲು ಕನ್ನಡ ಓದುಗನಿಗೆ ನಿಘಂಟು ಬೇಕಾಗುವುದಿಲ್ಲ. ಚಿತ್ರಗಳ ಮೇಲೆ ಹೆಸರುಗಳನ್ನು ರೋಮನ್ ಅಕ್ಷರಗಳಲ್ಲದೆ ಮಲಯಾಳ, ಅರಬ್ಬಿ ಮತ್ತು ನಾಗರಿ ಲಿಪಿಗಳಲ್ಲಿಯೂ ಕೆತ್ತಲಾಗಿದೆ. ಮುಂದೆ ಸಸ್ಯವಿಜ್ಞಾನಿ ಲಿನೇಯಸ್ ಗಿಡಮರಗಳಿಗೆ ವೈಜ್ಞಾನಿಕ ಹೆಸರಿಡುವಾಗ ಈ ಸಂಪುಟಗಳನ್ನೇ ಆಧರಿಸಿದ ಪ್ರಸಂಗಗಳು ಅನೇಕ. ಏಲಕ್ಕಿಯ ಕುಲನಾಮ 'ಎಲೆಟ್ಟಾರಿಯ' ಕೂಡ ವಾನ್ ರೀಡ್ ಬರೆದುಕೊಂಡ 'ಏಲತ್ತರಿ'ಯಿಂದಲೇ ಬಂದುದು. ಆ ಹೆಸರಿನ ಕೊನೆಯಲ್ಲಿರುವ ಮಲಯಾಳದ 'ಅರಿ' ಎಂದರೆ ಕನ್ನಡದ 'ಅಕ್ಕಿ', ಇಲ್ಲಿ ಕಾಳು ಎಂಬ ಅರ್ಥದಲ್ಲಿ.

ಡಚ್ಚರ ರಾಜಕೀಯದ ಕಥೆಯನ್ನು ಚಿಕ್ಕದಾಗಿ ಹೇಳಬಹುದು. 1741ರಲ್ಲಿ ತಿರುವಾಂಕೂರಿನ ಮಾರ್ತಾಂಡವರ್ಮ ಅವರನ್ನು ಕೊಳಚ್ಚಲಿನಲ್ಲಿ ಸೋಲಿಸಿದ. ಸೆರೆಸಿಕ್ಕ ಅವರ ಸೇನಾನಿ ಡಿ ಲನ್ನಾಯ್ ಗೆದ್ದವನ ಸೇನೆಯನ್ನೇ ಪಳಗಿಸಿ 'ವಲಿಯ ಕಪ್ಪಿತ್ತಾನ್', ಅಂದರೆ ದೊಡ್ಡ ಕಪ್ತಾನ, ಎನಿಸಿಕೊಂಡ. ಮೈಸೂರಿನ ಇತಿಹಾಸಕ್ಕೆ ಇದು ತಾಗುವುದು 1789ರಲ್ಲಿ: ಕೊಡುಂಗಲ್ಲೂರು ಮತ್ತು ಅಳೀಕೋಡಿನ ಕೋಟೆಗಳನ್ನು ಡಚ್ಚರು ತಿರುವಾಂಕೂರಿಗೆ ಮಾರಿದ್ದು ಟಿಪ್ಪು ಸುಲ್ತಾನನನ್ನು ಕೆರಳಿಸಿ, ವರ್ಷದ ಕೊನೆಗೆ ಆತ ತಿರುವಾಂಕೂರಿನ ರಕ್ಷಣಾ ಗೋಡೆಯಾದ ನೆಡುಂಕೋಟೆಯ ಮೇಲೆ ನಡೆಸಿದ ದಾಳಿ ಮೂರನೆಯ ಮೈಸೂರು ಯುದ್ಧಕ್ಕೆ ನೆಪವಾಯಿತು. 1795ರಲ್ಲಿ ಕೊಚ್ಚಿಯೇ ಇಂಗ್ಲಿಷರ ಪಾಲಾಯಿತು.

ಡಚ್ಚರ ಮಾತುಗಳು ಅವರ ರಾಜಕೀಯಕ್ಕಿಂತ ದೂರ ಸಾಗಿದವು. ಇಸ್ಪೀಟಿನಲ್ಲಿ ಇಂಗ್ಲಿಷರು ಕ್ಲಬ್ ಎನ್ನುವ ಬಣ್ಣವನ್ನು ಕನ್ನಡಿಗರು ಕಳಾವರ್ ಎನ್ನುವುದು ಡಚ್ಚಿನ 'ಕ್ಲಾವರ್', ಅಂದರೆ ಮೂರೆಲೆಯ ಮೇವಿನ ಗಿಡ, ಎಂಬ ಹೆಸರಿನಿಂದ. ತುರುಪು ಅವರ 'ಟ್ರೂಫ್'. ಮಲಯಾಳಿಗಳ 'ಕಕ್ಕೂಸ್' ಮತ್ತು ಕನ್ನಡದ 'ಕಕ್ಕಸು' ಡಚ್ಚಿನ 'ಕಾಕ್‌ಹೌಸ್' ಎಂಬ ಪದದ ರೂಪಗಳಾಗಿದ್ದು, ಅದರ ಪೂರ್ವಾರ್ಧ ಯಾವುದೆಂದು ಮಕ್ಕಳ ಮಾತಿನ 'ಕಕ್ಕ' ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಉತ್ತರಾರ್ಧಕ್ಕೆ ಮನೆಯೆಂದೇ ಅರ್ಥವಿರುವುದರಿಂದ, ಹಳಬರು 'ಕಕ್ಕಸುಮನೆ' ಎಂದಾಗಲೆಲ್ಲ ಮನೆಯನ್ನು ಎರಡು ಭಾಷೆಗಳಲ್ಲಿ ಎರಡು ಸಲ ಹೇಳಿದಂತಾಗುತ್ತದೆ.